ತಳ ಹತ್ತಿದ ಹಾಲು: ಇಸ್ತಾಂಬುಲ್‌ನ ಒಂದು ತಟ್ಟೆ, ಬೆಳಗಾವಿಯ ಒಂದು ಡಬ್ಬಿ

(ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ)

ಹಾಲು ತಳ ಹತ್ತಿದ ವಾಸನೆ ನಿಮಗೆಲ್ಲ ಗೊತ್ತಿದೆ. ಪಡಸಾಲೆಯಲ್ಲಿ ಕೂತು ಯಾರ ಜೊತೆಗೋ ಮಾತಾಡುತ್ತಿರುತ್ತೇವೆ. ಒಳಗಿನಿಂದ ಸಣ್ಣಗೆ ಒಂದು ವಾಸನೆ ಬರುತ್ತದೆ. ಮಾತು ಅರ್ಧಕ್ಕೇ ಬಿಟ್ಟು ಓಡುತ್ತೇವೆ. ಗ್ಯಾಸ್ ಆರಿಸಿ, ಚಮಚ ಹಾಕಿ ತಳ ಮುಟ್ಟಿ ನೋಡುತ್ತೇವೆ. ಒರಟಾಗಿ ಸಿಕ್ಕಿತು ಅಂದರೆ ಮುಗೀತು, ಅವತ್ತಿನ ಚಹಾಕ್ಕೆಲ್ಲ ಅದೇ ವಾಸನೆ.

ನಮ್ಮ ಆಯಿ ಹಾಲಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹಾಲು ಕಾಸುವ ಪಾತ್ರೆಗೆ ಮೊದಲು ಒಂದಿಷ್ಟು ನೀರು ಹಾಕಿ, ಅಲುಗಾಡಿಸಿ, ಚೆಲ್ಲುತ್ತಿದ್ದಳು. ಆ ನೀರಿನ ಪಸೆ ಆರುವ ಮುಂಚೆಯೇ ಹಾಲು ಸುರಿಯಬೇಕು. ಬಾಸುಂದಿ ಮಾಡುವ ದಿನ ಪಾತ್ರೆಯ ತಳಕ್ಕೆ ಒಂದು ಪಿಂಗಾಣಿ ಬಸಿ ಬೋರಲು ಹಾಕುತ್ತಿದ್ದಳು. ಹಾಲು ಕುದಿಯುವಾಗ ಆ ಬಸಿ ಒಳಗೆ ಟಕಟಕ ಅಂತ ಬಡಿಯುತ್ತಿತ್ತು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರೂ ಆಯಿಯ ಕಿವಿ ಆ ಸದ್ದಿನ ಮೇಲೆಯೇ. ಸದ್ದು ನಿಂತರೆ ಅಲ್ಲಿಂದಲೇ ಕೂಗುತ್ತಿದ್ದಳು: "ಯಾರರ ನೋಡ್ರೆ ಒಳಗ, ಹಾಲು ತಳಾ ಹತ್ತೀತು!"

ಇಷ್ಟೆಲ್ಲ ಕಾಳಜಿ ಮಾಡಿದರೂ ಒಮ್ಮೊಮ್ಮೆ ಹತ್ತುತ್ತಿತ್ತು. ಮಕ್ಕಳಾದ ನಾವು ಅದಕ್ಕೇ ಕಾಯುತ್ತಿದ್ದೆವು. ಮೇಲಿನ ಬಾಸುಂದಿಯನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಂಡ ಮೇಲೆ, ತಳದಲ್ಲಿ ಉಳಿದಿದ್ದನ್ನು ಆಯಿ ಸವುಟಿನಿಂದ ಕೆರೆದು ನಮ್ಮ ಅಂಗೈಗೆ ಹಾಕುತ್ತಿದ್ದಳು. ಬೆಲ್ಲದ ಬಣ್ಣದ ಚೂರು. ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಹಲ್ಲಿಗೆ ಅಂಟುವ ಹಾಗೆ. ಸಿಹಿಯ ಹಿಂದೆಯೇ ಸಣ್ಣ ಕಹಿ. ಊಟಕ್ಕೆ ಬಡಿಸುವ ಬಾಸುಂದಿಗಿಂತ ಅದೇ ನನಗೆ ಜಾಸ್ತಿ ಇಷ್ಟವಾಗುತ್ತಿತ್ತು.

ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಆ ರುಚಿಯ ಬಗ್ಗೆ. ಅದು ನನಗೆ ಎಷ್ಟೋ ವರ್ಷಗಳ ಮೇಲೆ ಮತ್ತೆ ಸಿಕ್ಕಿದ್ದು ಇಸ್ತಾಂಬುಲ್‌ನಲ್ಲಿ, ಒಂದು ಹಾಲಿನ ಅಂಗಡಿಯಲ್ಲಿ.

ನಾನು ಮತ್ತು ನನ್ನ ಮಗಳು ಹೋಗಿದ್ದು 2019ರ ಅಕ್ಟೋಬರ್‌ನಲ್ಲಿ. ನನಗೆ ಶಾಲೆಯಿಂದ ನಿವೃತ್ತಿಯಾಗಿತ್ತು. ಮಗಳಿಗೆ ರಜೆ ಸಿಕ್ಕಿತ್ತು. ಇಲ್ಲಿಂದ ರಾತ್ರಿ ಬಸ್ಸಿಗೆ ಮುಂಬೈ, ಅಲ್ಲಿಂದ ವಿಮಾನ. ಗಡಿಯಾರ ಎರಡೂವರೆ ತಾಸು ಹಿಂದಕ್ಕೆ. ಬ್ಯಾಗಿನಲ್ಲಿ ನಾಲ್ಕು ದಿನಕ್ಕೆ ಆಗುವಷ್ಟು ಚಪಾತಿ, ಶೇಂಗಾ ಚಟ್ನಿ ಪುಡಿ, ಮತ್ತೆ ಅರ್ಧ ಕಿಲೋ ಕುಂದಾ, ಹಾಲು ಬತ್ತಿಸಿ ಮಾಡುವ ನಮ್ಮೂರಿನ ಸಿಹಿ. ನಮ್ಮ ಬೆಳಗಾವಿಯವರು ಯಾವ ಊರಿಗೆ ಹೋದರೂ ಕುಂದಾದ ಡಬ್ಬಿ ಇಲ್ಲದೆ ಹೊರಡುವುದಿಲ್ಲ ಅಲ್ವಾ? ಯಾರಿಗೆ ಕೊಡುತ್ತೇವೋ ಗೊತ್ತಿರುವುದಿಲ್ಲ. ಆದರೂ ಇರಲಿ ಅಂತ ಒಯ್ಯುತ್ತೇವೆ. ಆ ಡಬ್ಬಿಗೆ ಆಮೇಲೆ ಬರುತ್ತೇನೆ.

ಮೊದಲ ಎರಡು ದಿನ ಒಂದು ಗುಂಪಿನ ಜೊತೆ ತಿರುಗಾಡಿದೆವು. ಆಯಾ ಸೋಫಿಯಾ ನೋಡಿದೆವು. 537ರಲ್ಲಿ ಕಟ್ಟಿ ಮುಗಿಸಿದ, ದೊಡ್ಡ ಗುಮ್ಮಟದ ಕಟ್ಟಡ. ನಾವು ಹೋದಾಗ ಅದು ವಸ್ತುಸಂಗ್ರಹಾಲಯವಾಗಿತ್ತು, ಮರುವರ್ಷ ಮತ್ತೆ ಮಸೀದಿಯಾಯಿತು. ಗೋಳಗುಮ್ಮಟ ನೋಡಿ ಬೆಳೆದ ನಮಗೆ ಗುಮ್ಮಟದ ಕೆಳಗೆ ನಿಂತು ಕತ್ತೆತ್ತುವುದು ಹೊಸದೇನಲ್ಲ. ಆದರೂ ಅಲ್ಲಿ ನಿಂತಾಗ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಲ್ಲಿಂದ ತುರ್ಕಿಯ ಸುಲ್ತಾನರ ಟೋಪ್‌ಕಪಿ ಅರಮನೆ. ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 'ಕಪಿ' ಅಂದರೆ ತುರ್ಕಿ ಭಾಷೆಯಲ್ಲಿ ಬಾಗಿಲು. 'ಟೋಪ್' ಅಂದರೆ? ನಮ್ಮ ತೋಪೇ! ಟೋಪ್‌ಕಪಿ ಅಂದರೆ ತೋಪಿನ ಬಾಗಿಲು. ವಿಜಯಪುರಕ್ಕೆ ಹೋದವರೆಲ್ಲ ಮಲಿಕ್-ಎ-ಮೈದಾನ್ ತೋಪು ನೋಡಿರುತ್ತೀರಿ. ಸುಮಾರು 55 ಟನ್ ತೂಕ, ಬಾಯಿಯ ಕಡೆ ಸಿಂಹದ ಮುಖ. ಅದನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನ ಹೆಸರು ಮುಹಮ್ಮದ್ ಬಿನ್ ಹಸನ್ ರೂಮಿ. ರೂಮಿ ಅಂದರೆ ರೂಮ್ ಸೀಮೆಯವನು, ಅಂದರೆ ತುರ್ಕಿಯವನು. ಆಮೇಲೆ 1632ರಲ್ಲಿ ಅದು ವಿಜಯಪುರಕ್ಕೆ ಬಂತು. ತೋಪು ಎರಕ ಹೊಯ್ಯುವವರು ಅಲ್ಲಿಂದ ಇಲ್ಲಿಗೆ ಬಂದರು. ಅವರ ಜೊತೆ ಮಾತೂ ಬಂತು. ಹಾಗಾದರೆ ಅಡುಗೆಯ ಮಾತು?

ಅದನ್ನು ನಾನು ಅಲ್ಲಿದ್ದಷ್ಟು ದಿನವೂ ಒಂದು ಚೀಟಿಯಲ್ಲಿ ಬರೆದುಕೊಂಡೆ. ಹಲ್ವಾಕ್ಕೆ ಅಲ್ಲಿ ಹೆಲ್ವಾ. ಶರಬತ್ತಿಗೆ ಶೆರ್ಬೆತ್. ಬಾದಾಮಿಗೆ ಬಾದೆಮ್. ತಾಜಾ ಅನ್ನುವುದಕ್ಕೆ ತಾಜೆ. ಅಂಗಡಿಗೆ ದುಕ್ಕಾನ್. ಊಟ ಮುಗಿಸಿ ಬಿಲ್ ಕೇಳುವುದಕ್ಕೆ 'ಹೆಸಾಪ್' ಅನ್ನಬೇಕು. ನಮ್ಮ ಹಿಸಾಬೇ ಅದು! ಮಗಳು ಫೋನ್ ತೆಗೆದು ಭಾಷಾಂತರ ಮಾಡುವ ಮುಂಚೆಯೇ ನನಗೆ ಅರ್ಧ ಅರ್ಥವಾಗುತ್ತಿತ್ತು. ಈ ಪದಗಳಲ್ಲಿ ಜಾಸ್ತಿಯವು ಅರಬ್ಬಿಯಿಂದಲೋ ಪಾರಸಿಯಿಂದಲೋ ಎರಡೂ ಕಡೆಗೆ ಹೋದಂಥವು. ಉತ್ತರ ಕರ್ನಾಟಕದವರ ಬಾಯಲ್ಲಿ ಇವತ್ತಿಗೂ ಉಳಿದಿವೆ.

ಟೋಪ್‌ಕಪಿಯಲ್ಲಿ ನನಗೆ ವಜ್ರ ವೈಡೂರ್ಯಕ್ಕಿಂತ ಇಷ್ಟವಾಗಿದ್ದು ಅಡುಗೆಮನೆ. ದೊಡ್ಡ ದೊಡ್ಡ ಹೊಗೆಗೂಡುಗಳ ಸಾಲು. 1574ರಲ್ಲಿ ಬೆಂಕಿ ಬಿದ್ದು ಸುಟ್ಟ ಮೇಲೆ ವಾಸ್ತುಶಿಲ್ಪಿ ಮಿಮಾರ್ ಸಿನಾನ್ ಮತ್ತೆ ಕಟ್ಟಿದ್ದು ಅದು. ಸಿಹಿ ಮಾಡುವುದಕ್ಕೇ ಬೇರೆ ವಿಭಾಗ ಇತ್ತು, ಅದಕ್ಕೆ ಹೆಲ್ವಾಹಾನೆ ಅನ್ನುತ್ತಿದ್ದರು. ಒಳಗೆ ಇಟ್ಟಿರುವ ತಾಮ್ರದ ಹಂಡೆಗಳನ್ನು ನೋಡಿದರೆ ನಮ್ಮ ಜಾತ್ರೆಯ ದಾಸೋಹದ ಹಂಡೆ ನೆನಪಾಗುತ್ತದೆ. ಈ ಹಂಡೆಗೆ ಅವರ ಭಾಷೆಯಲ್ಲಿ 'ಕಜಾನ್'. ಸುಲ್ತಾನನ ಜಾನಿಸರಿ ಸೈನಿಕರಿಗೆ ಆ ಕಜಾನ್ ಅಂದರೆ ಬಾವುಟದಷ್ಟೇ ದೊಡ್ಡದು. ಸುಲ್ತಾನನ ಮೇಲೆ ಸಿಟ್ಟು ಬಂದರೆ ಅವರು ಹಂಡೆಯನ್ನು ಬೋರಲು ಹಾಕುತ್ತಿದ್ದರು. ಇನ್ನು ನಿನ್ನ ಅನ್ನ ಬೇಡ ಅಂತ ಅರ್ಥ. ದಂಗೆ ಶುರುವಾಯಿತು ಅಂತಲೇ ಲೆಕ್ಕ. 1826ರಲ್ಲಿ ಆ ಪಡೆಯನ್ನೇ ತೆಗೆದುಹಾಕಿದರು. ಈ 'ಕಜಾನ್' ಅನ್ನುವ ಮಾತು ನೆನಪಿಟ್ಟುಕೊಳ್ಳಿ.

ಗುಂಪಿನವರು ಎರಡನೆಯ ದಿನ ಸಂಜೆ ನಮ್ಮನ್ನು ಒಂದು ಮಿಠಾಯಿ ಅಂಗಡಿಗೆ ಕರೆದೊಯ್ದರು. ಬಕ್ಲಾವಾ, ಬಣ್ಣಬಣ್ಣದ ಲೋಕುಮ್, ಎಲ್ಲ ಡಬ್ಬಿಯಲ್ಲಿ ಹಾಕಿ ಸಾಲಾಗಿ ಇಟ್ಟಿದ್ದರು. ಬೆಲೆ ಹೊರಗಿನ ಬೀದಿಗಿಂತ ದುಪ್ಪಟ್ಟು. ಬಸ್ಸಿಗೆ ಹೊತ್ತಾಯಿತು ಅಂತ ಅವಸರ ಬೇರೆ. ನನಗೆ ಬೇಸರವಾಯಿತು. ಒಂದು ತಿನಿಸಿನ ಎದುರು ಐದು ನಿಮಿಷ ಕೂರಲು ಬಿಡದಿದ್ದರೆ ಅದನ್ನು ತಿಂದೆ ಅಂತ ಹೇಗೆ ಹೇಳುವುದು? ಮಗಳು ಅಂದಳು, "ಅವ್ವಾ, ನಾಳೆ ನಾವಿಬ್ಬರೇ ಹೋಗೋಣ."

ಮೂರನೆಯ ದಿನ ಬೆಳಗ್ಗೆ ಎಮಿನೊನು ಅನ್ನುವ ಕಡೆಯಿಂದ ದೋಣಿ ಹತ್ತಿದೆವು. ದೋಣಿ ಅಂದರೆ ನೂರಾರು ಜನ ಕೂರುವ ದೊಡ್ಡ ಹಡಗು, ನಮ್ಮ ಸಿಟಿ ಬಸ್ಸಿನ ಹಾಗೆ ಜನ ಹತ್ತಿ ಇಳಿಯುತ್ತಾರೆ. ಸುಮಾರು ಇಪ್ಪತ್ತು ನಿಮಿಷದಲ್ಲಿ ಯುರೋಪ್ ಬಿಟ್ಟು ಏಷ್ಯಾದ ದಡದಲ್ಲಿ ಇರುತ್ತೀರಿ. ಆ ದಡದ ಪೇಟೆಗೆ ಕಾದಿಕೋಯ್ ಅಂತ ಹೆಸರು. ಮೀನು, ಆಲಿವ್, ಉಪ್ಪಿನಕಾಯಿ, ಎಲ್ಲ ಬೀದಿಯಲ್ಲೇ. ಅಲ್ಲಿ ಒಂದು ಮುಹಲ್ಲೆಬಿಜಿ ಕಂಡಿತು.

ಮುಹಲ್ಲೆಬಿ ಅಂದರೆ ಹಾಲು, ಸಕ್ಕರೆ, ಅಕ್ಕಿ ಹಿಟ್ಟು ಹಾಕಿ ಗಟ್ಟಿಯಾಗುವ ತನಕ ಕಾಸಿದ ಸಿಹಿ. ಅದನ್ನು ಮಾರುವವನು ಮುಹಲ್ಲೆಬಿಜಿ, ಅವನ ಅಂಗಡಿಗೂ ಅದೇ ಹೆಸರು. ಗಾಜಿನ ಕಪಾಟಿನಲ್ಲಿ ಎಲ್ಲವೂ ಹಾಲಿನದೇ. ಮಣ್ಣಿನ ಬಟ್ಟಲಲ್ಲಿ ಸುತ್ಲಾಚ್. ಅದು ನಮ್ಮ ಅಕ್ಕಿ ಪಾಯಸದ ಹಾಗೆಯೇ, ಆದರೆ ಬಟ್ಟಲು ಸಮೇತ ಭಟ್ಟಿಗೆ ಇಟ್ಟು ಮೇಲಿನ ಕೆನೆ ಕಪ್ಪು ಚುಕ್ಕೆ ಚುಕ್ಕೆಯಾಗುವ ತನಕ ಸುಟ್ಟಿರುತ್ತಾರೆ. ಅದರ ಪಕ್ಕ ಎರಡು ದೊಡ್ಡ ತಟ್ಟೆ. ಅಂಗೈ ಅಗಲದ ತುಂಡುಗಳನ್ನು ಚಾಪೆ ಸುತ್ತಿದ ಹಾಗೆ ಸುತ್ತಿ ಇಟ್ಟಿದ್ದರು. ಒಳಗೆಲ್ಲ ಬಿಳಿ. ಮೇಲುಗಡೆ ಕಂದು. ಅಲ್ಲಲ್ಲಿ ಕಪ್ಪು. ತಳ ಹತ್ತಿದ ಪಾತ್ರೆಯನ್ನು ನೋಡಿದ ಹಾಗೇ ಇತ್ತು.

"ಇದೇನು?" ಅಂತ ಬೆರಳು ತೋರಿಸಿದೆ. ಅಂಗಡಿಯ ಹುಡುಗ ಹೇಳಿದ, "ಕಜಾನ್‌ದಿಬಿ."

ಕಜಾನ್ ನಿಮಗೆ ಈಗ ಗೊತ್ತು. 'ದಿಪ್' ಅಂದರೆ ತಳ. ಕಜಾನ್‌ದಿಬಿ ಅಂದರೆ ಹಂಡೆಯ ತಳ! ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ. ನನಗೆ ಆ ಕ್ಷಣ ಆಯಿಯ ಸವುಟಿನ ಸದ್ದು ಕಿವಿಯಲ್ಲಿ ಕೇಳಿತು. ಒಂದು ಕೊಡು ಅಂತ ಹೇಳಿಯೇಬಿಟ್ಟೆ.

ಅಷ್ಟರಲ್ಲಿ ಮಗಳು ನನ್ನ ಕೈ ಹಿಡಿದಳು. "ಅವ್ವಾ, ತಡಿ. ಇದರಲ್ಲಿ ಕೋಳಿ ಇರ್ತದಂತ."

ಸಿಹಿಯಲ್ಲಿ ಕೋಳಿಯೇ ಅಂತ ನೀವು ಕೇಳುತ್ತೀರಿ. ನಾನೂ ಕೇಳಿದೆ. ಆದರೆ ಅದು ನಿಜ. ತವುಕ್ ಗೋಸು ಅಂತ ಒಂದು ಹಳೆಯ ಅರಮನೆಯ ಸಿಹಿ ಇದೆ. ತವುಕ್ ಅಂದರೆ ಕೋಳಿ, ಗೋಸು ಅಂದರೆ ಎದೆ. ಕೋಳಿಯ ಎದೆ ಮಾಂಸವನ್ನು ಬೇಯಿಸಿ, ನೂಲಿನ ಹಾಗೆ ಎಳೆ ಎಳೆ ಬಿಡಿಸಿ, ವಾಸನೆ ಹೋಗುವ ತನಕ ನೀರಲ್ಲಿ ತೊಳೆದು, ಹಾಲು ಸಕ್ಕರೆಯಲ್ಲಿ ಹಾಕಿ ಕಾಸುತ್ತಾರೆ. ಕೊನೆಗೆ ಮಾಂಸ ಇದೆ ಅಂತಲೇ ತಿಳಿಯುವುದಿಲ್ಲವಂತೆ, ಹಾಲಿಗೆ ಒಂದು ಎಳೆತ ಮಾತ್ರ ಬರುತ್ತದಂತೆ. ಯುರೋಪಿನಲ್ಲಿಯೂ ನಡುಗಾಲದಲ್ಲಿ ಕೋಳಿ, ಅಕ್ಕಿ, ಬಾದಾಮಿ ಹಾಲು ಸೇರಿಸಿದ ಬಿಳಿ ತಿನಿಸು ಇತ್ತು. ಬ್ಲಾಮಾಂಜ್ ಅಂತ ಅದರ ಹೆಸರು. ಈಗ ಅದರಲ್ಲಿ ಕೋಳಿ ಹಾಕುವುದಿಲ್ಲ. ಇಸ್ತಾಂಬುಲ್‌ನವರು ಮಾತ್ರ ಬಿಟ್ಟಿಲ್ಲ. ಕಜಾನ್‌ದಿಬಿ ಅಂದರೆ ಹಳೆಯ ಕ್ರಮದಲ್ಲಿ ಇದೇ ತವುಕ್ ಗೋಸಿನ ತಳ ಸುಟ್ಟಿದ್ದು.

ನಾನು ಮಾಂಸ ತಿನ್ನುವವಳಲ್ಲ. ಅಲ್ಲಿಯ ತನಕ ಹೋಗಿ, ಕಣ್ಣೆದುರು ಆ ಕಂದು ಬಣ್ಣ ನೋಡಿ, ಬಿಟ್ಟು ಬರುವುದಾ ಅಂತ ನನಗೆ ನಿಜವಾಗಿ ಕಣ್ಣು ತುಂಬಿ ಬಂತು. ಮಗಳು ಫೋನ್ ನೋಡಿಕೊಂಡು ಕೇಳಿದಳು, "ತವುಕ್ ವಾರ್ ಮಿ?" ಕೋಳಿ ಇದೆಯಾ ಅಂತ. ಹುಡುಗ ಒಂದು ತಟ್ಟೆ ತೋರಿಸಿ "ವಾರ್" ಅಂದ. ಇನ್ನೊಂದು ತಟ್ಟೆ ತೋರಿಸಿ "ಯೋಕ್" ಅಂದ. ಯೋಕ್ ಅಂದರೆ ಇಲ್ಲ. ಈಗ ಎಷ್ಟೋ ಅಂಗಡಿಗಳಲ್ಲಿ ಕೋಳಿ ಇಲ್ಲದ್ದನ್ನೇ ಮಾಡುತ್ತಾರೆ, ಬರೀ ಮುಹಲ್ಲೆಬಿಯದು. ನೀವು ಯಾರಾದರೂ ಹೋದರೆ ಈ ಒಂದು ಮಾತು ಕಲಿತು ಹೋಗಿ: ತವುಕ್ ವಾರ್ ಮಿ? ಯೋಕ್ ಅಂದ ಮೇಲೆ ಕೂತು ತಿನ್ನಿ.

ತಟ್ಟೆ ಬಂತು. ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿದ್ದರು. ಅದಕ್ಕೂ ಅಲ್ಲಿ ತಾರ್‌ಚಿನ್ ಅನ್ನುತ್ತಾರೆ. ಚಮಚ ಒತ್ತಿದರೆ ಮೇಲಿನ ಕಂದು ಪದರ ಸ್ವಲ್ಪ ತಡೆಯಿತು, ಆಮೇಲೆ ಬಿಟ್ಟುಕೊಟ್ಟಿತು. ಒಳಗಿನ ಬಿಳಿ ಭಾಗ ಚಮಚದ ಜೊತೆ ಉದ್ದಕ್ಕೆ ಎಳೆದುಕೊಂಡು ಬಂತು. ಬಾಯಲ್ಲಿ ಮೊದಲು ತಣ್ಣಗೆ ಹಾಲು. ಸಿಹಿ ಬಹಳ ಇಲ್ಲ. ಆಮೇಲೆ ನಾಲಿಗೆಯ ಹಿಂಭಾಗದಲ್ಲಿ ಆ ಸುಟ್ಟ ರುಚಿ. ಸಣ್ಣ ಕಹಿ.

ಅದೇ. ಅಂಗೈ ಮೇಲಿನ ಅದೇ ಚೂರು.

ನಾನು ಚಮಚ ಕೆಳಗಿಟ್ಟೆ. "ಏನಾತು ಅವ್ವಾ?" ಅಂದಳು ಮಗಳು. ಆಯಿ ತೀರಿಕೊಂಡಾಗ ಇವಳು ಇನ್ನೂ ಹುಟ್ಟಿರಲಿಲ್ಲ. ಆಯಿಯ ಬಸಿ, ಆ ಟಕಟಕ ಸದ್ದು, ನಾವು ಅಂಗೈ ಚಾಚಿ ಸಾಲಾಗಿ ನಿಲ್ಲುತ್ತಿದ್ದುದು, ಎಲ್ಲ ಹೇಳಿದೆ. ಊರಲ್ಲಿ ಇಷ್ಟು ವರ್ಷ ಜೊತೆಗಿದ್ದರೂ ಅವಳಿಗೆ ಯಾವತ್ತೂ ಇದನ್ನು ಹೇಳಿರಲಿಲ್ಲ, ನೋಡಿ. ಅವಳು ಎರಡನೆಯ ತಟ್ಟೆ ತರಿಸಿದಳು.

ಈಗ ಸ್ವಲ್ಪ ವಿಜ್ಞಾನ. ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು, ಇದನ್ನು ಹೇಳದೆ ಮುಂದೆ ಹೋಗುವುದಿಲ್ಲ. ಹಾಲಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಭಾಗ ನೀರೇ. ನೀರು ಇರುವ ತನಕ ಹಾಲಿನ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ತಳದಲ್ಲಿ ಬೇರೆಯೇ ಕೆಲಸ ನಡೆಯುತ್ತದೆ. ಹಾಲಿನ ಪ್ರೋಟೀನ್ ಬಿಸಿಗೆ ರೂಪ ಕಳೆದುಕೊಂಡು ಪಾತ್ರೆಗೆ ಅಂಟುತ್ತದೆ. ತೆಳ್ಳಗೆ ಒಂದು ಪದರ. ಆ ಪದರದಲ್ಲಿ ನೀರು ಆರುತ್ತದೆ. ನೀರು ಆರಿದ ಕಡೆ ಬಿಸಿ 100 ದಾಟಿ ಮೇಲೆ ಹೋಗುತ್ತದೆ. ಆಗ ಹಾಲಿನ ಪ್ರೋಟೀನ್ ಮತ್ತು ಹಾಲಿನದೇ ಸಕ್ಕರೆಯಾದ ಲ್ಯಾಕ್ಟೋಸ್ ಸೇರಿ ಕಂದು ಬಣ್ಣವನ್ನೂ ಹೊಸ ವಾಸನೆಯನ್ನೂ ಹುಟ್ಟಿಸುತ್ತವೆ. 1912ರಲ್ಲಿ ಲೂಯಿ ಕಮಿ ಮೈಯಾರ್ ಅನ್ನುವ ಫ್ರೆಂಚ್ ವಿಜ್ಞಾನಿ ಇದನ್ನು ಮೊದಲು ವಿವರಿಸಿದ. ಅವನ ಹೆಸರಿನಿಂದಲೇ ಮೈಯಾರ್ ಕ್ರಿಯೆ ಅನ್ನುತ್ತೇವೆ. ರೊಟ್ಟಿಯ ಮೇಲಿನ ಕಂದು ಚುಕ್ಕೆ, ಹುರಿದ ಶೇಂಗಾದ ಘಮ, ಕಾಫಿ ಬೀಜದ ಬಣ್ಣ, ಎಲ್ಲ ಇದರ ಕೆಲಸವೇ.

ಇದರ ಜೊತೆ ಸಕ್ಕರೆ ಸುಡುವುದು ಬೇರೆ. ನಾವು ಹಾಕುವ ಸಕ್ಕರೆ 160 ಡಿಗ್ರಿ ದಾಟಿದ ಮೇಲೆ ಕರಗಿ ಕಂದಾಗುತ್ತದೆ. ಇನ್ನೂ ಬಿಟ್ಟರೆ ಕಹಿ, ಮತ್ತೂ ಬಿಟ್ಟರೆ ಇದ್ದಿಲು. ಕಜಾನ್‌ದಿಬಿಯಲ್ಲಿ ಎರಡೂ ನಡೆಯುತ್ತವೆ.

ಅದನ್ನು ಮಾಡುವುದು ನೋಡಬೇಕು ಅಂತ ನನಗೆ ಆಸೆಯಾಯಿತು. ಹುಡುಗನಿಗೆ ಕೈಯಿಂದ ಕಲಸುವ ಹಾಗೆ ಮಾಡಿ, ಕಣ್ಣು ತೋರಿಸಿದೆ. ಅವನಿಗೆ ತಿಳಿಯಿತು. "ಸಬಾಹ್" ಅಂದ. ಬೆಳಗ್ಗೆ ಅಂತ. ನಮ್ಮ ಸುಬಹ್ ಕೇಳಿದ ಕಿವಿಗೆ ಭಾಷಾಂತರ ಬೇಕಾಗಲಿಲ್ಲ.

ಮರುದಿನ ಬೆಳಗ್ಗೆ ಮೊದಲ ದೋಣಿಗೆ ಹೋದೆವು. ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಅರವತ್ತರ ಆಸುಪಾಸಿನ ಒಬ್ಬರು ಕೆಲಸ ಮಾಡುತ್ತಿದ್ದರು. ಬಿಳಿ ಅಂಗಿ, ಮೊಣಕೈ ತನಕ ಮಡಚಿದ ತೋಳು. ದೊಡ್ಡ ಪಾತ್ರೆಯಲ್ಲಿ ಮುಹಲ್ಲೆಬಿ ಆಗಲೇ ಗಟ್ಟಿಯಾಗಿತ್ತು. ಅವರು ಒಂದು ಅಗಲವಾದ ತಟ್ಟೆಗೆ ಬೆಣ್ಣೆ ಸವರಿದರು. ಅದರ ಮೇಲೆ ಪುಡಿ ಸಕ್ಕರೆ ಉದುರಿಸಿದರು, ನಾವು ರಂಗೋಲಿಗೆ ಮುಂಚೆ ಪುಡಿ ಹರಡುವ ಹಾಗೆ, ಎಲ್ಲೂ ಖಾಲಿ ಬಿಡದೆ. ಆಮೇಲೆ ಒಂದಿಷ್ಟು ಮುಹಲ್ಲೆಬಿ ಸುರಿದು ತಟ್ಟೆಯನ್ನು ಒಲೆಯ ಮೇಲೆ ಇಟ್ಟರು.

ಇಲ್ಲಿಂದ ಮುಂದೆ ಎಲ್ಲ ಕೈಯ ಕೆಲಸ. ಉರಿ ಒಂದೇ ಕಡೆ ತಾಗಬಾರದು. ಎರಡೂ ಕೈಗೆ ಬಟ್ಟೆ ಹಿಡಿದು ತಟ್ಟೆಯನ್ನು ತಿರುಗಿಸುತ್ತಲೇ ಇದ್ದರು. ಸ್ವಲ್ಪ ತಿರುಗಿಸುವುದು, ನಿಲ್ಲುವುದು, ಮೂಗು ಹತ್ತಿರ ತರುವುದು, ಮತ್ತೆ ತಿರುಗಿಸುವುದು. ತಳ ಕಾಣುವುದಿಲ್ಲ, ನೋಡಿ. ಮೇಲೆ ಎಲ್ಲ ಬೆಳ್ಳಗೆ ಇದೆ. ಅಡಿಯಲ್ಲಿ ಎಷ್ಟು ಸುಟ್ಟಿದೆ ಅಂತ ಹೇಳುವುದು ಮೂಗು ಒಂದೇ. ಮೊದಲು ಬೆಣ್ಣೆಯ ವಾಸನೆ ಬಂತು. ಆಮೇಲೆ ಕಾದ ಸಕ್ಕರೆಯದು. ಆಮೇಲೆ ನಮ್ಮ ಪಡಸಾಲೆಗೆ ಬರುವ ಆ ವಾಸನೆ! ನನ್ನ ಕೈ ತಾನಾಗಿ ಗ್ಯಾಸ್ ಕಡೆ ಹೋಯಿತು. ಅವರು ತಲೆ ಅಲ್ಲಾಡಿಸಿ ಇನ್ನೂ ಇರಲಿ ಅಂದರು. ಸುಮಾರು ಒಂದು ನಿಮಿಷ ಬಿಟ್ಟಿರಬೇಕು. ನಾವು ಒಲೆ ಆರಿಸುವ ಹೊತ್ತಿಗೆ ಅವರ ಕೆಲಸ ಶುರುವಾಗುತ್ತದೆ. ಒಂದೇ ಒಂದು ನಿಮಿಷ ಮುಂದೆ ಹೋಗುವ ಧೈರ್ಯ ಇದೆಯಲ್ಲ, ನನಗೆ ಕಜಾನ್‌ದಿಬಿ ಅಂದರೆ ಆ ನಿಮಿಷವೇ.

ತಣಿದ ಮೇಲೆ ಅದನ್ನು ಚೌಕಾಕಾರ ಕೊಯ್ದು, ಅಗಲವಾದ ಮಗುಚುವ ಕೈಯಿಂದ ಅಡಿಗೆ ಹಾಕಿ ಕೆರೆದು ಎತ್ತುತ್ತಾರೆ. ತಳ ಮೇಲೆ ಬರುವ ಹಾಗೆ ಸುತ್ತುತ್ತಾರೆ. ಆ ಕೆರೆಯುವ ಸದ್ದು ಸವುಟಿನ ಸದ್ದೇ.

ಈಗ ಕುಂದಾದ ಡಬ್ಬಿಗೆ ಬಂದೆ.

ಕುಂದಾ ಹೇಗೆ ಹುಟ್ಟಿತು ಅಂತ ನಮ್ಮ ಊರಲ್ಲಿ ಒಂದು ಕಥೆ ಹೇಳುತ್ತಾರೆ. ನಿಮ್ಮಲ್ಲಿ ಎಷ್ಟೋ ಜನ ಮನೆಯ ಹಿರಿಯರಿಂದ ಕೇಳಿರುತ್ತೀರಿ. ರಾಜಸ್ಥಾನದ ಕಡೆಯಿಂದ ಬಂದು ಇಲ್ಲಿ ಮಿಠಾಯಿ ಅಂಗಡಿ ಇಟ್ಟ ಒಬ್ಬ ಮಾರವಾಡಿ. ಒಂದು ದಿನ ಹಾಲು ಒಲೆಯ ಮೇಲೆ ಮರೆತುಹೋಯಿತು. ನೋಡುವಷ್ಟರಲ್ಲಿ ಬತ್ತಿ, ಕಂದಾಗಿ, ಗಟ್ಟಿಯಾಗಿತ್ತು. ಚೆಲ್ಲುವ ಮುಂಚೆ ರುಚಿ ನೋಡಿದರೆ ಚೆನ್ನಾಗಿತ್ತು. ಇಷ್ಟೇ ಕಥೆ. ಕಾದಿಕೋಯ್‌ನ ಹುಡುಗನೂ ನಮಗೆ ಕಜಾನ್‌ದಿಬಿಗೆ ಇಂಥದೇ ಕಥೆ ಹೇಳಿದ. ಅರಮನೆಯ ಅಡುಗೆಯವನ ಕೈ ತಪ್ಪಿತಂತೆ, ತಳ ಸುಟ್ಟಿತಂತೆ, ಸುಲ್ತಾನನಿಗೆ ಅದೇ ಇಷ್ಟವಾಯಿತಂತೆ.

ಈ ಕಥೆಗಳು ನನಗೆ ಇಷ್ಟ. ಆದರೆ ಅರ್ಧ ಮಾತ್ರ ಒಪ್ಪುತ್ತೇನೆ. ಹಾಲು ತಳ ಹತ್ತದ ಮನೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಕೈತಪ್ಪಿದ್ದರಿಂದಲೇ ಸಿಹಿ ಹುಟ್ಟುವುದಾದರೆ ಪ್ರತಿ ಊರಿಗೂ ಒಂದು ಕುಂದಾ ಇರಬೇಕಿತ್ತು. ಮರುದಿನ ಬೇಕಂತಲೇ ಅಷ್ಟೇ ಸುಟ್ಟು, ಅದರ ಮರುದಿನವೂ ಅಷ್ಟೇ ಸುಟ್ಟು, ಗಿರಾಕಿಗೆ ಪ್ರತಿ ಸಲ ಅದೇ ರುಚಿ ಕೊಟ್ಟವನು ಇದ್ದಾನಲ್ಲ, ಅವನದು ಕೆಲಸ.

ಕುಂದಾ ಮಾಡುವುದು ಬೇರೆ ರೀತಿ. ಇದಕ್ಕೆ ಎಮ್ಮೆ ಹಾಲೇ ಆಗಬೇಕು ಅನ್ನುತ್ತಾರೆ ನಮ್ಮವರು. ಕಾರಣ ಇದೆ. ಎಮ್ಮೆ ಹಾಲಿನಲ್ಲಿ ಕೊಬ್ಬು ಆಕಳ ಹಾಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಹತ್ತು ಲೀಟರ್ ಎಮ್ಮೆ ಹಾಲು ಬತ್ತಿಸಿದರೆ ಎರಡು ಕಿಲೋ ಆಸುಪಾಸು ಖವಾ ಸಿಗುತ್ತದೆ. ಬತ್ತುವ ಹಾಲಿಗೆ ಒಂದಿಷ್ಟು ಮೊಸರು ಬೀಳುತ್ತದೆ. ಮೊಸರಿನ ಹುಳಿಗೆ ಹಾಲು ಒಡೆದು ರವೆ ರವೆಯಾಗುತ್ತದೆ. ಆ ಕಣ ಇಲ್ಲದಿದ್ದರೆ ಅದು ಕುಂದಾ ಅಲ್ಲ. ಆಮೇಲೆ ಸಕ್ಕರೆ. ಆಮೇಲೆ ಗಂಟೆಗಟ್ಟಲೆ ಕೈ ಬಿಡದೆ ಕೆದಕುವುದು.

ಇಲ್ಲಿಯೇ ನೋಡಿ ಎರಡಕ್ಕೂ ಇರುವ ವ್ಯತ್ಯಾಸ. ಇಸ್ತಾಂಬುಲ್‌ನವರು ತಟ್ಟೆಗೆ ಸುರಿದ ಮುಹಲ್ಲೆಬಿಯನ್ನು ಕೆದಕುವುದಿಲ್ಲ. ಅಕ್ಕಿ ಹಿಟ್ಟು ಹಾಕಿದ್ದರಿಂದ ಅದು ಹರಿಯದೆ ನಿಂತಲ್ಲೇ ನಿಲ್ಲುತ್ತದೆ, ಹಾಗಾಗಿ ತಳ ಮಾತ್ರ ಸುಡುತ್ತದೆ, ಮೇಲೆ ಬೆಳ್ಳಗೆ ಉಳಿಯುತ್ತದೆ. ಇಳಕಲ್ ಸೀರೆಯ ಮೈ ಒಂದು ಬಣ್ಣ, ದಡಿ ಒಂದು ಬಣ್ಣ ಇದ್ದ ಹಾಗೆ. ನಮ್ಮ ಕುಂದಾದಲ್ಲಿ ತಳ ಹತ್ತುತ್ತದೆ, ಕೆರೆದು ಮೇಲೆ ತರುತ್ತಾರೆ, ಮತ್ತೆ ಹತ್ತುತ್ತದೆ, ಮತ್ತೆ ಕೆರೆಯುತ್ತಾರೆ. ಹೀಗೆ ನೂರು ಸಲ. ಕೊನೆಗೆ ಸುಟ್ಟಿದ್ದು ಯಾವುದು, ಸುಡದ್ದು ಯಾವುದು ಅಂತಲೇ ಇರುವುದಿಲ್ಲ. ನೂಲಿಗೇ ಬಣ್ಣ ಕಟ್ಟಿದ ಹಾಗೆ ಎಲ್ಲವೂ ಕಂದು.

ಒಂದು ಮಾತು ನಡುವೆ. ಇಲ್ಲಿಂದ ಎರಡು ತಾಸಿಗೆ ಧಾರವಾಡ. ಅಲ್ಲಿಯ ಪೇಢೆಯೂ ಕಂದೇ! ಖವಾವನ್ನು ಕಂದು ಬಣ್ಣ ಬರುವ ತನಕ ಹುರಿದು ಮಾಡುವಂಥದು. ಬೇರೆ ಎಷ್ಟೋ ಕಡೆಯ ಪೇಢೆ ಬಿಳಿ, ಇಲ್ಲವೇ ಕೇಸರಿ. ನಮ್ಮ ಈ ಪಟ್ಟಿಯ ಜನರ ನಾಲಿಗೆಗೆ ಸುಟ್ಟ ಹಾಲು ಬೇಕು. ಆ ಪೇಢೆಯನ್ನು ತಂದವರು ಉತ್ತರ ಪ್ರದೇಶದ ಉನ್ನಾವ್ ಕಡೆಯ ಠಾಕೂರ್ ಮನೆತನ. ಕುಂದಾದ ಕಥೆಯಲ್ಲಿ ಮಾರವಾಡಿ. ನಾವು ಊರಿನ ಹೆಸರು ಹಚ್ಚಿ ನಮ್ಮದು ಅಂತ ಹೆಮ್ಮೆಯಿಂದ ಒಯ್ಯುವ ಎರಡು ಸಿಹಿಗಳೂ ದೂರದಿಂದ ನಡೆದು ಬಂದವರ ಕೈಯಲ್ಲಿ ಆದವು. ಬಂದವರು, ಇಲ್ಲಿಯ ಎಮ್ಮೆ ಹಾಲು, ಇಲ್ಲಿಯ ನಾಲಿಗೆ. ಮೂರೂ ಸೇರಿತು. ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸುತ್ತದೆ.

ಆ ಬೆಳಗ್ಗೆ ಅಡುಗೆಮನೆಯಲ್ಲಿ ನಾನು ಬ್ಯಾಗಿನಿಂದ ಕುಂದಾದ ಡಬ್ಬಿ ತೆಗೆದೆ. ಊರು ಬಿಟ್ಟು ಐದು ದಿನವಾಗಿತ್ತು. ಅಲ್ಲಿಯ ಚಳಿಗೆ ಸ್ವಲ್ಪ ಗಟ್ಟಿಯಾಗಿತ್ತು, ಕೆಟ್ಟಿರಲಿಲ್ಲ. ಒಂದು ಚಮಚ ಆ ಹಿರಿಯರ ಕೈಗೆ ಕೊಟ್ಟೆ. ಅವರು ತಕ್ಷಣ ಬಾಯಿಗೆ ಹಾಕಲಿಲ್ಲ. ಮೊದಲು ಮೂಗಿನ ಹತ್ತಿರ ಹಿಡಿದರು. ಆಮೇಲೆ ಬೆರಳಿನಿಂದ ಒಂದು ಚೂರು ಮುರಿದು ಉಜ್ಜಿ ನೋಡಿದರು. ಕಣ ಕಣ ಇದೆಯಲ್ಲ ಅಂತ. ಆಮೇಲೆ ತಿಂದರು. ನಿಧಾನವಾಗಿ. ಕಣ್ಣು ಮುಚ್ಚಿದರು.

"ಸೂತ್?" ಅಂದರು. ಹಾಲಾ?

"ಸೂತ್" ಅಂದೆ.

ಮಗಳು ಫೋನಿನಲ್ಲಿ ಹುಡುಕಿ ಇನ್ನೊಂದು ಪದ ಹೇಳಿದಳು, "ಮಾಂದಾ." ಮಾಂದಾ ಅಂದರೆ ಎಮ್ಮೆ. ಆ ಮಾತು ಕೇಳಿದ ತಕ್ಷಣ ಅವರ ಮುಖ ಅರಳಿತು. ಎಮ್ಮೆ ಹಾಲಿನ ಕೆನೆಗೆ ಅಲ್ಲಿ ಕೈಮಾಕ್ ಅನ್ನುತ್ತಾರೆ, ಬಹಳ ಮರ್ಯಾದೆ ಅದಕ್ಕೆ. ಬ್ರೆಡ್ ಮೇಲೆ ಹಚ್ಚಿ ಜೇನು ಸುರಿದು ಬೆಳಗಿನ ನಾಷ್ಟಾಕ್ಕೆ ತಿನ್ನುತ್ತಾರೆ. ಹಾಗಾಗಿ ಎಮ್ಮೆ ಅಂದರೆ ಅವರಿಗೆ ವಿವರಿಸಬೇಕಾಗಿಲ್ಲ.

ಅವರು ಡಬ್ಬಿಯ ಒಳಗೆ ನೋಡಿದರು. ಒಲೆಯ ಮೇಲಿನ ತಟ್ಟೆ ನೋಡಿದರು. ಆಮೇಲೆ ಬಲಗೈಯಿಂದ ಗಾಳಿಯಲ್ಲಿ ತಳ ಕೆರೆಯುವ ಹಾಗೆ ಮಾಡಿ ತೋರಿಸಿ, ನನ್ನ ಮುಖ ನೋಡಿದರು. ಹೀಗಾ ಅಂತ.

ಹೌದು ಅಂತ ತಲೆ ಆಡಿಸಿದೆ. ನಾನೂ ಕೈಯಿಂದ ಕೆರೆದು ತೋರಿಸಿದೆ. ಒಂದು ಸಲ ಅಲ್ಲ, ಮತ್ತೆ ಮತ್ತೆ ಅಂತ. ಅವರು ತಮ್ಮ ತೋಳು ಹಿಡಿದುಕೊಂಡು ನೋವಾಗುತ್ತದೆ ಅಲ್ವಾ ಅನ್ನುವ ಹಾಗೆ ಮಾಡಿದರು. ಹೌದು, ಬಹಳ ನೋವಾಗುತ್ತದೆ ಅಂದೆ. ಕನ್ನಡದಲ್ಲೇ ಅಂದೆ. ಅವರಿಗೆ ತಿಳಿಯಿತು.

ಡಬ್ಬಿ ಅಲ್ಲೇ ಬಿಟ್ಟು ಬಂದೆವು. ಹೊರಡುವಾಗ ನಾನು "ಹೆಸಾಪ್" ಅಂದೆ. ಅವರು ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದರು. ದುಡ್ಡು ತಗೊಳ್ಳಲಿಲ್ಲ.

ಊರಿಗೆ ಬಂದ ಮೇಲೆ ಕಜಾನ್‌ದಿಬಿಯನ್ನು ಮನೆಯಲ್ಲಿ ಮಾಡಲು ಹಟಕ್ಕೆ ಬಿದ್ದೆ. ಮೊದಲ ಸಲ ತಳ ಇದ್ದಿಲಾಯಿತು. ಸ್ಟೀಲಿನ ತಟ್ಟೆ ತೆಳ್ಳಗಿತ್ತು, ಉರಿ ಜಾಸ್ತಿ ಇತ್ತು. ಎರಡನೆಯ ಸಲ ಹೆದರಿ ಬೇಗ ಇಳಿಸಿದೆ, ಬರೀ ಬಿಳಿ ಬಂತು. ಆಮೇಲೆ ದಪ್ಪ ತಳದ ತಟ್ಟೆ ತಂದೆ. ಈಗ ಒಂದು ಲೀಟರ್ ಹಾಲಿಗೆ ಒಂದು ಬಟ್ಟಲು ಸಕ್ಕರೆ, ನಾಲ್ಕು ಚಮಚ ಅಕ್ಕಿ ಹಿಟ್ಟು, ಎರಡು ಚಮಚ ಕಾರ್ನ್‌ಫ್ಲೋರ್ ಹಾಕುತ್ತೇನೆ. ಗಂಟಾಗದ ಹಾಗೆ ತಣ್ಣನೆಯ ಹಾಲಲ್ಲೇ ಹಿಟ್ಟು ಕದಡಬೇಕು. ತಟ್ಟೆಗೆ ಬೆಣ್ಣೆ, ಪುಡಿ ಸಕ್ಕರೆ. ಸಣ್ಣ ಉರಿ. ಇಕ್ಕಳದಿಂದ ಹಿಡಿದು ತಿರುಗಿಸುತ್ತಿರಬೇಕು. ಪಡಸಾಲೆಯ ವಾಸನೆ ಬಂದ ಮೇಲೆ ಒಂದು ನಿಮಿಷ ಎಣಿಸಿ. ಆಮೇಲೆ ತಟ್ಟೆಯನ್ನು ತಣ್ಣೀರಿನ ಮೇಲೆ ಇಡಿ, ಸುಡುವುದು ನಿಲ್ಲುತ್ತದೆ. ಒಂದು ರಾತ್ರಿ ಫ್ರಿಜ್‌ನಲ್ಲಿ ಇದ್ದರೆ ಕೊಯ್ಯಲು ಬರುತ್ತದೆ.

ನಿನ್ನೆ ರಾತ್ರಿ ಮಾಡಿದ್ದನ್ನು ಇವತ್ತು ತಂದಿದ್ದೇನೆ. ಆ ಬಾಗಿಲ ಹತ್ತಿರದ ಮೇಜಿನ ಮೇಲೆ ಎರಡು ತಟ್ಟೆ ಇವೆ. ಬಿಳಿ ತಟ್ಟೆಯಲ್ಲಿ ಕಜಾನ್‌ದಿಬಿ, ತಳ ಮೇಲೆ ಬರುವ ಹಾಗೆ ಇಟ್ಟಿದ್ದೇನೆ. ಮೊಟ್ಟೆ ಇಲ್ಲ, ಕೋಳಿ ಯೋಕ್. ಸ್ಟೀಲಿನ ತಟ್ಟೆಯಲ್ಲಿ ಕುಂದಾ. ಮೊದಲು ಬಿಳಿ ತಟ್ಟೆಯದು ಒಂದು ಚಮಚ ತಗೊಳ್ಳಿ, ಸ್ವಲ್ಪ ಹೊತ್ತು ಬಾಯಲ್ಲೇ ಇರಲಿ, ಆಮೇಲೆ ಕುಂದಾ. ದಾಲ್ಚಿನ್ನಿ ಪುಡಿ ಸಣ್ಣ ಡಬ್ಬಿಯಲ್ಲಿ ಬೇರೆ ಇದೆ. ಮಕ್ಕಳು ಇದ್ದರೆ ಮುಂದೆ ಬಿಡಿ. ಬಿಳಿ ತಟ್ಟೆಯ ಅಂಚಿಗೆ ಅಂಟಿಕೊಂಡಿದ್ದನ್ನು ನಾನು ಇನ್ನೂ ಕೆರೆದಿಲ್ಲ. ಅದು ಅವರಿಗೆ.